ಮುದ್ದವ್ವನಿಗೆ ಹಾರಿಸದ ಗುಂಡು

ನನ್ನ ಹೆಂಡತಿ ಮುದ್ದವ್ವ ತೀರಿಕೊಂಡಳೆಂದು ಊರಿಗೆಲ್ಲ ತಿಳಿದ ಹೊತ್ತಿನಲ್ಲಿ ಅವಳು ಬದುಕಿದ್ದಳು. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿಕೊಂಡು, ಉಸಿರಿನ ಯಂತ್ರದ ಮಾಸ್ಕಿನೊಳಗೇ ನಗುತ್ತಿದ್ದಳು.

ಮೊದಲು ಓಡಿಬಂದವಳು ಆಚೆಮನೆಯ ಪೂವಮ್ಮ. ಬಿಳಿ ಸೀರೆ ಸುತ್ತಿಕೊಂಡು, ಗೇಟಿನಿಂದಲೇ ಅಳು ತೆಗೆದಿದ್ದಳು. ಹೊಸ್ತಿಲು ದಾಟಿ ಮಂಚದ ಕಡೆ ನೋಡಿದವಳು ಅಳುವನ್ನು ಅರ್ಧಕ್ಕೇ ನುಂಗಿದಳು.

"ಇದೇನು, ನೀನು ಇದ್ದೀಯಲ್ಲ!"

ಮುದ್ದವ್ವ ಒಂದು ಬೆರಳಿನಿಂದ ಮಾಸ್ಕನ್ನು ಸರಿಸಿದಳು. ಒಂದೆರಡು ಮಾತಿಗೆ ಆಗುವಷ್ಟು ಉಸಿರು ಅವಳಲ್ಲಿ ಸ್ವಂತದ್ದಿತ್ತು. "ಬೇಜಾರಾಯ್ತಾ ಅಕ್ಕ?"

"ಬೇಜಾರಾಗದೆ? ಒಲೆ ಮೇಲೆ ಕಡುಬು ಬೇಯ್ತಾ ಇತ್ತು, ಹಾಗೇ ಬಿಟ್ಟು ಬಂದಿದ್ದೇನೆ. ದಾರಿಯುದ್ದಕ್ಕೂ ನಿನ್ನ ಒಳ್ಳೆ ಗುಣ ನೆನೆಸಿ ನೆನೆಸಿ ಅತ್ತದ್ದೆಲ್ಲ ದಂಡ."

"ನೆನಪಿಟ್ಟುಕೋ. ಆಮೇಲೆ ಬೇಕಾಗ್ತದೆ."

ಅಂಗಳದಲ್ಲಿ ಆಗಲೇ ಇನ್ನೂ ಕೆಲವರು ಸೇರಿದ್ದರು. ಎಲ್ಲರೂ ಬಿಳಿಯ ಬಟ್ಟೆಯಲ್ಲಿದ್ದರು, ಎಲ್ಲರ ಮುಖದಲ್ಲೂ ಗೊಂದಲ. ಅವರ ನಡುವೆ ನನ್ನ ತಮ್ಮ ಮಾದಪ್ಪ ಕೋವಿಯನ್ನು ಹೆಗಲಿಗೆ ಒರಗಿಸಿಕೊಂಡು, ಮದುಮಗನ ಹಾಗೆ ನಿಂತಿದ್ದ. ಮಡಿಕೇರಿಯ ಆಸ್ಪತ್ರೆಯಲ್ಲಿ ಅವನ ಸೊಸೆಗೆ ಅವಳಿ ಗಂಡುಮಕ್ಕಳು ಹುಟ್ಟಿದ್ದವು. ಆ ಸಂತೋಷಕ್ಕೆ ಅವನು ಹಾರಿಸಿದ ಎರಡು ಗುಂಡುಗಳನ್ನು ಕೇಳಿ ಜನ ಸಾವಿಗೆ ಬಂದಿದ್ದರು.

ಓದುವವರಿಗೆ ನಮ್ಮ ಪದ್ಧತಿಯನ್ನು ಹೇಳಬೇಕು. ನಾವು ಕೊಡವರು. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತೇವೆ. ಯಾರಾದರೂ ತೀರಿಕೊಂಡರೆ ಬೆನ್ನುಬೆನ್ನಿಗೆ ಎರಡು. ಎರಡು ಗುಂಡಿನ ಸದ್ದು ಕೇಳಿದವನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಬರುತ್ತಾನೆ, ಕರೆಯುವುದು ಬೇಕಿಲ್ಲ. ಆ ಸದ್ದು ನೆರೆಯವರಿಗೆ ಮಾತ್ರವಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು. ಮನೆಯ ಹಿರಿಯರಾಗಿ ಮೇಲೆ ಇರುವ ಕಾರೋಣರಿಗೂ ಅದೇ ಸುದ್ದಿ. ಒಬ್ಬರು ಬರುತ್ತಿದ್ದಾರೆ, ಬಾಗಿಲು ತೆರೆದು ದೀಪ ಹಿಡಿದು ನಿಲ್ಲಿ ಎಂದು. ನಾನು ಶಾಲೆಯಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು. ಆದರೂ ತಾಯಿಯ ಈ ಮಾತನ್ನು ಒಂದು ದಿನವೂ ಸಂಶಯಿಸಿದವನಲ್ಲ.

ಆ ಬೆಳಿಗ್ಗೆ ಆಸ್ಪತ್ರೆಯಿಂದ ಫೋನು ಬಂದಾಗ ನಾವು ಮೂವರೂ ಮುದ್ದವ್ವನ ಕೋಣೆಯಲ್ಲಿದ್ದೆವು. ಮಾದಪ್ಪ ಕೋವಿ ತಂದು ನಳಿಗೆಯನ್ನು ಒರೆಸುತ್ತ, ಅದರ ಕುದುರೆಗೆ, ಅಂದರೆ ಬೆರಳಿನಿಂದ ಎಳೆಯುವ ಕೊಕ್ಕೆಗೆ, ತೊಡಿಸಿದ್ದ ಸೀಮೆಸುಣ್ಣದ ಬಣ್ಣದ ಒಂದು ಬಳೆಯನ್ನು ಬೈಯುತ್ತಿದ್ದ. ಆ ಬಳೆ ಹೊಸ ಕೋವಿ ಮಸೂದೆಯದು. ಮನೆಗೊಂದೇ ಕೋವಿ, ಅದರ ಕುದುರೆಗೆ ಒಂದು ಬಳೆ. ಹಾರಿದ ಪ್ರತಿ ಗುಂಡನ್ನೂ ಅದು ತಿಳಿಸುತ್ತದೆ. ನಮ್ಮ ಪದ್ಧತಿಗೆ ಅಡ್ಡಿಯಾಗಬಾರದೆಂದು ಒಂದು ಗುಂಡನ್ನು ಜನನವೆಂದೂ ಬೆನ್ನುಬೆನ್ನಿಗೆ ಬಂದ ಎರಡನ್ನು ಮರಣವೆಂದೂ ಅದಕ್ಕೆ ಕಲಿಸಿದ್ದರು. ಒಂದು ಹಾರಿಸಿ ಸ್ವಲ್ಪ ತಡೆದರೆ ಬಳೆ ಬಿಗಿದುಕೊಳ್ಳುತ್ತದೆ, ಮಾರನೆಯ ದಿನದವರೆಗೆ ಬಿಡುವುದಿಲ್ಲ.

"ಈಗ ಹೇಳಿ ಅಣ್ಣ, ನಾನು ಏನು ಮಾಡ್ಲಿ?" ಎಂದ ಮಾದಪ್ಪ. "ಒಂದು ಹಾರಿಸಿದ್ರೆ ದೊಡ್ಡವನಿಗಾಯ್ತು. ಚಿಕ್ಕವನು ಏನು ಕದ್ದು ಬಂದವನಾ?"

"ಚಿಕ್ಕವನಿಗೆ ನಾಳೆ ಹಾರಿಸು."

"ನಾಳೆ ಹಾರಿಸಿದ್ರೆ ಅವನು ನಾಳೆ ಹುಟ್ಟಿದ ಹಾಗಾಗ್ತದೆ. ದೊಡ್ಡವನಾದ ಮೇಲೆ ಅಜ್ಜ ನನಗೆ ತಂಗಳು ಗುಂಡು ಹಾರಿಸಿದ ಅಂತ ನನ್ನ ಮೀಸೆ ಹಿಡೀತಾನೆ."

ಮುದ್ದವ್ವ ಕೈಯೆತ್ತಿ ನಮ್ಮಿಬ್ಬರನ್ನೂ ಸುಮ್ಮನಾಗಿಸಿದಳು. ಮಾಸ್ಕ್ ಸರಿಸಿ, "ಎರಡೂ ಹಾರಿಸು ಮಾದಪ್ಪ. ಕಿಟಕಿ ತೆಗೀರಿ, ನಂಗೆ ಕೇಳ್ಬೇಕು" ಎಂದಳು.

"ಜನ ಓಡಿಬರ್ತಾರೆ ಅತ್ತಿಗೆ."

"ಬರ್ಲಿ. ಕಾಫಿ ಕೊಡಿ."

ಬಳೆ ತಪ್ಪು ತಿಳಿದರೆ ಸಹಾಯವಾಣಿಗೆ ಫೋನು ಮಾಡಿ ಸರಿಪಡಿಸಬಹುದೆಂದು ಕರಪತ್ರದಲ್ಲಿ ಇತ್ತು. ಅದನ್ನು ಓದಿ ಹೇಳಿದವನು ನಾನೇ. ಮಾದಪ್ಪ ಅಂಗಳಕ್ಕಿಳಿದು ಎರಡು ನಳಿಗೆಗಳನ್ನೂ ಬಿಟ್ಟ. ಸುಗ್ಗಿಯ ಹಬ್ಬ ಪುತ್ತರಿ ಮುಗಿದ ಮೇಲಿನ ಒಣ ಚಳಿಯ ಬೆಳಿಗ್ಗೆ. ಸದ್ದು ಗುಡ್ಡಕ್ಕೆ ತಾಗಿ ಮತ್ತೆ ನಮ್ಮ ಬಳಿಗೆ ಬಂತು. ಮುದ್ದವ್ವ ಕಣ್ಣು ಮುಚ್ಚಿ ಅದನ್ನು ಕೇಳಿದಳು. ಕೂಡಲೇ ಮಾದಪ್ಪ ಸಹಾಯವಾಣಿಗೆ ಫೋನು ಮಾಡಿದ. ಅವರು ನಗುತ್ತಲೇ ಶುಭಾಶಯ ಹೇಳಿ, ಕೋವಿಯ ಕಡತದಲ್ಲಿ ಮರಣವನ್ನು ಅಳಿಸಿ ಜನನವೆಂದು ಬರೆದುಕೊಂಡರು.

ಕೋವಿಯ ಕಡತದಲ್ಲಿ ಅದು ಸರಿಯಾಯಿತು. ಆದರೆ ಆ ಸುದ್ದಿ ಅಷ್ಟರಲ್ಲಿ ಬೇರೆ ಕಡೆಗೂ ಹೋಗಿಯಾಗಿತ್ತು.

*

ಕೆಲವು ವರ್ಷಗಳಿಂದ ನಮ್ಮ ರಾಜ್ಯದಲ್ಲಿ ಮಸೂದೆಯನ್ನು ಸದನದಲ್ಲಿ ಚರ್ಚಿಸುವ ಮುನ್ನ ಒಂದು ಜಿಲ್ಲೆಯಲ್ಲಿ ಬಾಳಿಸಿ ನೋಡುತ್ತಾರೆ. ಪ್ರಯೋಗ ಜಾರಿ ಎಂದು ಅದರ ಹೆಸರು. ಮಸೂದೆಯ ವಾಕ್ಯಗಳನ್ನು ನೇರವಾಗಿ ಯಂತ್ರಗಳಿಗೆ ಕಲಿಸುತ್ತಾರೆ. ಯಂತ್ರಗಳು ಅದರಂತೆ ನಡೆಯುತ್ತವೆ. ಒಂದು ವರ್ಷ ಕಳೆದ ಮೇಲೆ ಏನಾಯಿತೆಂದು ನೋಡಿ ಶಾಸಕರು ಮತ ಹಾಕುತ್ತಾರೆ. ಮಾತಿನ ಜಗಳಕ್ಕಿಂತ ಇದು ಒಳ್ಳೆಯದೆಂದು ನಾನೂ ತಿಳಿದಿದ್ದೆ. ಔಷಧಿಯನ್ನು ಪರೀಕ್ಷೆ ಮಾಡದೆ ಯಾರೂ ಮಾರುವುದಿಲ್ಲ. ಕಾನೂನನ್ನು ಮಾತ್ರ ಏಕೆ ಹಾಗೆಯೇ ಜನರಿಗೆ ಕುಡಿಸಬೇಕು?

ಆ ವರ್ಷ ಕೊಡಗಿನ ಪಾಲಿಗೆ ನಾಲ್ಕು ಮಸೂದೆಗಳು ಬಂದವು. ಕೋವಿಯದನ್ನು ಹೇಳಿದೆ. ಕಾಡಿನ ಬೇಟೆ ತಡೆಯಲು ಪರಿಸರದ ಮಸೂದೆಯವರು ಊರಿನ ಅಂಚಿನಲ್ಲೆಲ್ಲ ಕಂಬ ನೆಟ್ಟು, ಅದರ ತುದಿಗೆ ಸದ್ದು ಹಿಡಿಯುವ ಡಬ್ಬಿ ಇಟ್ಟಿದ್ದರು. ಗುಂಡು ಎಲ್ಲಿ ಹಾರಿತೆಂದು ಅವು ಮನೆಯ ಲೆಕ್ಕದಲ್ಲಿ ಹೇಳುತ್ತಿದ್ದವು. ನಮ್ಮ ಜನ ಅವನ್ನು ಕಿವಿಕಂಬ ಎಂದು ಕರೆದರು. ತನ್ನ ಗಂಡನ ಗೊರಕೆ ಕೇಳಿ ಯಾವುದಾದರೂ ಒಂದು ಕಂಬ ಹುಚ್ಚು ಹಿಡಿದು ಬೀಳುತ್ತದೆಂದು ಪೂವಮ್ಮ ಕಾಯುತ್ತಿದ್ದಳು.

ಆರೋಗ್ಯದ ಮಸೂದೆಯಿಂದ ಮುದ್ದವ್ವನಿಗೆ ಉಪಕಾರವೇ ಆಗಿತ್ತು. ಎದೆಯನ್ನು ಎತ್ತಿ ಇಳಿಸುವ ಸ್ನಾಯುಗಳು ಮೆಲ್ಲಮೆಲ್ಲನೆ ಸೋಲುವ ರೋಗ ಅವಳದು. ಬುದ್ಧಿ, ಮಾತು, ನಾಲಗೆಯ ಚುರುಕು ಯಾವುದಕ್ಕೂ ಕುಂದಿರಲಿಲ್ಲ. ಉಸಿರು ಮಾತ್ರ ಸಾಲದು. ಮನೆಯಲ್ಲಿಡುವ ಉಸಿರಿನ ಯಂತ್ರಗಳು ಸರಕಾರದವು, ಬೇಕಾದವರು ಹೆಚ್ಚು, ಯಂತ್ರಗಳು ಕಡಿಮೆ. ಮೊದಲೆಲ್ಲ ರೋಗಿ ತೀರಿಕೊಂಡ ಮೇಲೂ ಮನೆಯವರು ದುಃಖದಲ್ಲಿ ಮರೆತು ಯಂತ್ರವನ್ನು ಹಾಗೇ ಇಟ್ಟುಕೊಳ್ಳುತ್ತಿದ್ದರು. ಆಚೆ ಸಾಲಿನಲ್ಲಿ ಕಾಯುತ್ತಿದ್ದವರು ಸಾಯುತ್ತಿದ್ದರು. ಹೊಸ ಮಸೂದೆ ಬಂದ ಮೇಲೆ ಮರಣದ ಸುದ್ದಿ ತಿಳಿದ ಕೂಡಲೇ ಯಂತ್ರ ತಾನಾಗಿಯೇ ಬಿಡುಗಡೆಯಾಗಿ ಮುಂದಿನವರಿಗೆ ಹೋಗುತ್ತಿತ್ತು. ಮುದ್ದವ್ವನಿಗೆ ಯಂತ್ರ ಬಂದದ್ದೂ ಹಾಗೆಯೇ. ಅದು ಯಾರ ಮನೆಯಿಂದ ಬಂತೆಂದು ನಮಗೆ ತಿಳಿಯದು. ದಿನವೂ ಸಂಜೆ ನೆಲ್ಲಕ್ಕಿಯಲ್ಲಿ, ಅಂದರೆ ನಡುಮನೆಯಲ್ಲಿ, ತೂಗುದೀಪ ಹಚ್ಚುವಾಗ ಆ ತಿಳಿಯದ ಜೀವಕ್ಕೂ ಅವಳು ಕೈ ಮುಗಿಯುತ್ತಿದ್ದಳು.

ದುಃಖದಲ್ಲಿರುವ ಮನೆಯವರನ್ನು ಕಚೇರಿಗೆ ಅಲೆಸಬಾರದೆಂಬ ಕರುಣೆಯಿಂದ ಆ ಮಸೂದೆಯಲ್ಲಿ ಇನ್ನೊಂದು ವಾಕ್ಯ ಸೇರಿಸಿದ್ದರು. ಕೊಡಗಿನಲ್ಲಿ ಎರಡು ಗುಂಡಿನ ಸದ್ದನ್ನೇ ಮರಣದ ಸುದ್ದಿಯೆಂದು ತಿಳಿಯತಕ್ಕದ್ದು. ಕಿವಿಕಂಬ ಮನೆಯನ್ನು ಹೇಳುತ್ತದೆ, ಬಳೆ ಮರಣವೆಂದು ಹೇಳುತ್ತದೆ, ಆ ಮನೆಯಲ್ಲಿ ಉಸಿರಿನ ಯಂತ್ರದ ರೋಗಿ ಒಬ್ಬರೇ ಇದ್ದರೆ ಅವರೇ ಮೃತರು. ಈ ವಾಕ್ಯ ನಮ್ಮ ಯಾವ ಕರಪತ್ರದಲ್ಲೂ ಇರಲಿಲ್ಲ.

ನಾಲ್ಕನೆಯದು ನೀತಿಯ ಮಸೂದೆ. ದೊಡ್ಡವರ ಬಂಧುಗಳು ಸಾಲು ಹಾರಿ ಯಂತ್ರ ಪಡೆಯುತ್ತಿದ್ದ ಕಾಲವನ್ನು ನಾವೆಲ್ಲ ನೋಡಿದ್ದೇವೆ. ಇನ್ನು ಮುಂದೆ ಯಾವ ನೌಕರನೂ ತನ್ನ ಬಂಧುವಿನ ಕಡತವನ್ನು ಮುಟ್ಟಬಾರದು. ಮುಟ್ಟಿದರೆ ಆ ಕಡತಕ್ಕೆ ವಿಚಾರಣೆ ಮುಗಿಯುವವರೆಗೆ ಮೊಹರು. ಇದನ್ನು ಕೇಳಿದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ.

ನಮ್ಮ ಒಬ್ಬಳೇ ಮಗಳು ಬೊಳ್ಳಮ್ಮ ಮಡಿಕೇರಿಯ ಮಸೂದೆ ಜಾಡು ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಒಮ್ಮೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ್ದಳು. ದೊಡ್ಡ ಕೋಣೆ, ಗೋಡೆಯಲ್ಲಿ ನಾಲ್ಕು ಪರದೆ, ಪರದೆಗೊಂದು ಮೇಜು, ಮೇಜುಗಳ ನಡುವೆ ತೆಳುವಾದ ಅಡ್ಡಗೋಡೆ. ಮಸೂದೆ ಎಲ್ಲಿ ಹೇಗೆ ನಡೆಯುತ್ತಿದೆ, ಎಲ್ಲಿ ಎಡವಿತು, ಯಾವ ವಾಕ್ಯ ತಿದ್ದಬೇಕು ಎಂದು ದಿನವೂ ನೋಡುವುದು ಅವರ ಕೆಲಸ. ಅವಳ ಮೇಜು ಕೋವಿಯದು.

"ಈ ಅಡ್ಡಗೋಡೆ ಯಾಕೆ?" ಎಂದು ನಾನು ಕೇಳಿದ್ದೆ.

"ಒಂದರ ಫಲ ಇನ್ನೊಂದಕ್ಕೆ ಬೆರೆಯಬಾರದಲ್ಲ ಅಪ್ಪ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು ಅಂತ ನೀವೇ ಹೇಳಿಕೊಟ್ಟದ್ದು."

ಹೌದು, ಬೀನ್ಸಿನ ಬೀಜ ಮೊಳೆಸುವ ಪಾಠದಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಒಂದು ಬಟ್ಟಲಿಗೆ ನೀರು ಬದಲಿಸಿ, ಇನ್ನೊಂದಕ್ಕೆ ಬಿಸಿಲು. ಬೀಜಕ್ಕೆ ಅದು ಸರಿಯಾದ ವಿಧಾನ. ಆದರೆ ನಮ್ಮ ಮನೆ ಬಟ್ಟಲಲ್ಲ. ನಾಲ್ಕು ಮಸೂದೆಗಳೂ ಅಲ್ಲಿ ಒಂದೇ ಸೂರಿನಡಿ ವಾಸಕ್ಕೆ ಬಂದಿದ್ದವು, ಅವುಗಳ ನಡುವೆ ಅಡ್ಡಗೋಡೆ ಇರಲಿಲ್ಲ.

*

ಅಂಗಳದಲ್ಲಿ ಜನ ಕಾಫಿ ಕುಡಿಯುತ್ತಿದ್ದರು. ಬಿಳಿಯ ಬಟ್ಟೆಯಲ್ಲಿ ಬಂದು ಬೆಲ್ಲ ತಿನ್ನುವ ಹಾಗಾಯಿತಲ್ಲ ಎಂದು ಯಾರೋ ನಗುತ್ತಿದ್ದರು. ಆಗ ಯಂತ್ರ ಹೆಣ್ಣಿನ ಮೃದುವಾದ ದನಿಯಲ್ಲಿ ಮಾತಾಡಿತು.

"ಕುಟುಂಬದವರಿಗೆ ನಮ್ಮ ಸಂತಾಪಗಳು. ಈ ಸಾಧನ ಇನ್ನು ಅರ್ಧ ಗಂಟೆಯಲ್ಲಿ ಬಿಡುಗಡೆಯಾಗುತ್ತದೆ. ದಯವಿಟ್ಟು ಮೃತರ ಮುಖದಿಂದ ಮಾಸ್ಕನ್ನು ತೆಗೆಯಿರಿ."

ಮುದ್ದವ್ವ ನನ್ನ ಮುಖ ನೋಡಿದಳು. ನಗು ಇನ್ನೂ ಪೂರ್ತಿ ಆರಿರಲಿಲ್ಲ.

ಅದೇ ಹೊತ್ತಿಗೆ ಮಡಿಕೇರಿಯಲ್ಲಿ ನಡೆದದ್ದನ್ನು ಬೊಳ್ಳಮ್ಮ ನನಗೆ ಹೇಳಲು ಬಹಳ ಕಾಲ ಹಿಡಿಯಿತು. ಅವಳ ಪರದೆಯ ಮೇಲೆ ಮೊದಲು ಬಂದದ್ದು ಇಷ್ಟು: ಎರಡು ಗುಂಡು, ಮರಣ, ನಮ್ಮ ಮನೆಯ ಹೆಸರು. ಅವ್ವ ಹೋದಳೆಂದೇ ತಿಳಿದು ಅವಳು ಮೇಜಿಗೆ ಹಣೆ ಒತ್ತಿ ಅತ್ತಳು. ಪಕ್ಕದ ನೀತಿಯ ಮೇಜಿನಲ್ಲಿದ್ದ ಶರಣಗೌಡ ಎದ್ದು ಬಂದು ನೀರು ಕೊಟ್ಟ. ಯಾದಗಿರಿಯ ಕಡೆಯವನು, ಒಳ್ಳೆಯ ಹುಡುಗ. ಅಷ್ಟರಲ್ಲಿ ಪರದೆಯಲ್ಲಿ ಮರಣ ಹೋಗಿ ಜನನ ಎಂದು ಬಂತು. ಅವಳು ಅಳುವುದನ್ನು ಬಿಟ್ಟು ನನಗೆ ಫೋನು ಮಾಡಿದಳು.

"ಅಪ್ಪ, ಅವ್ವ ಇದ್ದಾಳಾ?"

"ಇದ್ದಾಳೆ ಮಗಳೇ. ಆದರೆ ಯಂತ್ರ ಏನೋ ಹೇಳ್ತಾ ಇದೆ. ಸತ್ತಿದ್ದಾಳೆ ಅಂತ ಹೇಳ್ತಾ ಇದೆ."

ಅವಳು ಅಡ್ಡಗೋಡೆಯ ಆಚೆ ಆರೋಗ್ಯದ ಪರದೆಯನ್ನು ನೋಡಿದಳು. ಆ ಮೇಜಿನವರು ಚಹಾಕ್ಕೆ ಹೋಗಿದ್ದರು. ಪರದೆಯಲ್ಲಿ ಅವ್ವನ ಹೆಸರಿನ ಮುಂದೆ ಬಿಡುಗಡೆ ನಡೆಯುತ್ತಿದೆ ಎಂದು ಮಿನುಗುತ್ತಿತ್ತು. ಕೆಳಗೆ ತಡೆ ಎಂಬ ಗುಂಡಿ ಇತ್ತು. ಆ ಕೋಣೆಯಲ್ಲಿ ಕುಳಿತ ಯಾರು ಬೇಕಾದರೂ ಅದನ್ನು ಒತ್ತಬಹುದಿತ್ತು, ಒಬ್ಬಳನ್ನು ಬಿಟ್ಟು.

"ಮೇಡಂ, ನೀವು ಮುಟ್ಟಬ್ಯಾಡ್ರೀ! ನಾ ಒತ್ತತೀನಿ, ಸರೀರಿ ಈ ಕಡೆ" ಎಂದು ಶರಣಗೌಡ ಕೂಗಿದ. ಕುರ್ಚಿ ತಳ್ಳಿ ಓಡಿಬಂದ.

ಅವಳು ಒತ್ತಿಯಾಗಿತ್ತು. ತಾಯಿಯ ಉಸಿರು ನಿಲ್ಲುತ್ತದೆಂದು ಕಂಡ ಮಗಳ ಕೈ ಅಡ್ಡಗೋಡೆಯನ್ನು ಕೇಳಿ ಮುಂದೆ ಹೋಗುತ್ತದೆಯೆ? ಪರದೆ ಕೆಂಪಾಯಿತು. ನೌಕರರ ಬಂಧುವಿನ ಕಡತ, ಮೊಹರು. ಅವಳು ಒತ್ತಿದ ತಡೆ ರದ್ದಾಗಿ ಬಿಡುಗಡೆ ಹಾಗೇ ಮುಂದುವರಿಯಿತು. ಇನ್ನು ಶರಣಗೌಡ ಒತ್ತಿದರೂ, ಅವರ ಮೇಲಧಿಕಾರಿ ಒತ್ತಿದರೂ ತಡೆಯ ಗುಂಡಿ ಕೆಲಸ ಮಾಡಲಿಲ್ಲ. ಮೃತಳೆಂಬ ಮಾತೂ ಅದೇ ಮೊಹರಿನೊಳಗೆ ಸೇರಿಹೋಯಿತು. ಅದನ್ನು ತಿದ್ದಲು ವಿಚಾರಣಾ ಸಮಿತಿ ಕೂರಬೇಕು.

"ಹತ್ತು ಎಣಿಸೂವಷ್ಟು ತಡದಿದ್ರ ಆಗತಿತ್ತಲ್ರೀ ಮೇಡಂ" ಎಂದನಂತೆ. ಅವನು ಬೈಯಲಿಲ್ಲ. ಆದರೂ ಆ ಒಂದು ಮಾತನ್ನು ಬೊಳ್ಳಮ್ಮ ಇಂದಿಗೂ ತನಗೆ ತಾನೇ ಹೇಳಿಕೊಳ್ಳುತ್ತಾಳೆ.

*

ಯಂತ್ರದ ಗಾಳಿ ನಿಂತಿತು. ಮಾದಪ್ಪ ಸ್ಕ್ರೂಡ್ರೈವರ್ ತಂದು ಅದನ್ನು ಬಿಚ್ಚಲು ಹೋದ. ಮುಟ್ಟುವಂತಿರಲಿಲ್ಲ. ಮುಂದಿನ ರೋಗಿಗಾಗಿ ಅದು ತನ್ನ ಕೊಳವೆಗಳಿಗೆ ತಾನೇ ಬಿಸಿ ಆವಿ ಹಾಯಿಸಿಕೊಳ್ಳುತ್ತಿತ್ತು. ಚೊಕ್ಕಟವಾದ ಯಂತ್ರ, ಕೊಳೆ ಉಳಿಸಿಕೊಂಡು ಇನ್ನೊಬ್ಬರ ಮನೆಗೆ ಹೋಗುವುದಿಲ್ಲ.

ಕರೆಂಟು ಹೋದಾಗ ಬೇಕಾಗುತ್ತದೆಂದು ಕೈಯಿಂದ ಅಮುಕುವ ಒಂದು ಗಾಳಿಚೀಲ ಕೊಟ್ಟಿದ್ದರು. ಅದರ ಮಾಸ್ಕನ್ನು ಮುದ್ದವ್ವನ ಮುಖಕ್ಕೆ ಒತ್ತಿ ಹಿಡಿದು ನಾನು ಅಮುಕತೊಡಗಿದೆ. ಅಮುಕಿದರೆ ಎದೆ ಏಳುತ್ತದೆ, ಬಿಟ್ಟರೆ ಇಳಿಯುತ್ತದೆ. ಮಾದಪ್ಪ ಆಂಬುಲೆನ್ಸಿಗೆ ಫೋನು ಮಾಡಿದ.

"ರೋಗಿಯ ಹೆಸರು ಮೃತರ ಪಟ್ಟಿಯಲ್ಲಿದೆ ಸರ್. ಶವವಾಹನ ಕಳಿಸ್ತೇವೆ."

"ಶವ ನನ್ನ ಎದುರು ಕಣ್ಣು ಬಿಡ್ತಾ ಇದೆ ಕಣಯ್ಯ!"

"ನಮಗೆ ಬೇರೆ ಗಾಡಿ ಕಳಿಸೋಕೆ ಬಿಡೋದಿಲ್ಲ ಸರ್. ಪರದೆ ತಗೊಳ್ತಾ ಇಲ್ಲ. ನೀವೇ ಯಾವುದಾದರೂ ಗಾಡಿಯಲ್ಲಿ ಕರ್ಕೊಂಡು ಬನ್ನಿ, ಬೇಗ ಬನ್ನಿ."

ಜೀಪಿನ ಹಿಂದೆ ಹಾಸಿಗೆ ಹಾಸಿದೆವು. ಹೆಣ ಹೊರಲು ಬಂದವರು ಅವಳನ್ನು ಜೀವಂತ ಹೊತ್ತು ಇಳಿಸಿದರು. ನನ್ನ ಬೆರಳುಗಳು ಸೋತಾಗ ಪೂವಮ್ಮ ಚೀಲವನ್ನು ಕಸಿದುಕೊಂಡಳು. ಅವಳು ಸೋತಾಗ ಇನ್ನೊಬ್ಬರು. ಸಾವಿನ ಸುದ್ದಿ ಕೇಳಿ ಬಂದ ನೆರೆಯವರು ಮಡಿಕೇರಿಯ ದಾರಿಯುದ್ದಕ್ಕೂ ಸರದಿಯಲ್ಲಿ ನನ್ನ ಹೆಂಡತಿಯ ಉಸಿರಾದರು. ಯಂತ್ರವೂ ಎರಡು ಗುಂಡು ಕೇಳಿತ್ತು, ಅವರೂ ಕೇಳಿದ್ದರು. ತಪ್ಪಾಗಿಯೇ ಕೇಳಿದ್ದರು. ಆದರೆ ಅವರು ಬಂದು ಮುಖ ನೋಡಿದರು.

ತಿರುವಿನಲ್ಲೆಲ್ಲ ಮಾಸ್ಕ್ ಜಾರುತ್ತಿತ್ತು. ಅವಳ ತುಟಿ ನೀಲಿಗಟ್ಟುತ್ತಿತ್ತು. ಒಮ್ಮೆ ಅವಳು ಕೈಯೆತ್ತಿ ನಿಲ್ಲಿಸುವಂತೆ ಸನ್ನೆ ಮಾಡಿದಳು. ನಾನು ಮಾಸ್ಕ್ ಸರಿಸಿದೆ.

"ಮಕ್ಕಳಿರೋದು ಅದೇ ಆಸ್ಪತ್ರೆಯಲ್ವಾ?"

"ಹೌದು."

"ಹಾಗಾದ್ರೆ ನೋಡಬಹುದು."

"ಮಾತಾಡಬೇಡವೇ ಮಾರಾಯ್ತಿ, ಉಸಿರು ಉಳಿಸು" ಎಂದು ಪೂವಮ್ಮ ಗದರಿದಳು.

ಆಸ್ಪತ್ರೆಯ ಬಾಗಿಲಲ್ಲಿ ಬೊಳ್ಳಮ್ಮ, ಶರಣಗೌಡ ಇಬ್ಬರೂ ನಿಂತಿದ್ದರು. ಅಫ್ರಾ ಎಂಬ ಚಿಕ್ಕ ವಯಸ್ಸಿನ ಡಾಕ್ಟರು ಯಾರ ಅಪ್ಪಣೆಯನ್ನೂ ಕೇಳದೆ ಸ್ಟ್ರೆಚರ್ ತಳ್ಳಿಕೊಂಡು ಒಳಗೆ ಹೋದರು. ಅಲ್ಲಿಯ ಯಂತ್ರಗಳೂ ರೋಗಿಯ ಬೆರಳನ್ನು ಗುರುತು ಹಿಡಿದ ಮೇಲೆಯೇ ಗಾಳಿ ಕೊಡುವಂಥವು. ಮುದ್ದವ್ವನ ಬೆರಳಿಟ್ಟರು. ಮೃತರು ಎಂದಿತು. ಬೇರೆ ಬೆರಳಿಟ್ಟರು. ಬೊಳ್ಳಮ್ಮ ತನ್ನ ಬೆರಳಿಟ್ಟಳು. ನಿಮಗೆ ಯಾವ ರೋಗವೂ ಇಲ್ಲ ಎಂದಿತು. ಬೀಗವಿಲ್ಲದ ಹಳೆಯ ಯಂತ್ರ ಎಲ್ಲಾದರೂ ಉಂಟೇ ಎಂದು ಡಾಕ್ಟರು ಊರೂರಿಗೆ ಫೋನು ಮಾಡಿದರು. ಮೈಸೂರಿನಲ್ಲಿ ಒಂದು ಸಿಕ್ಕಿತು, ಹೊರಟಿತು. ಅಲ್ಲಿಯವರೆಗೆ ಡಾಕ್ಟರು ಅಮುಕಿದರು, ನರ್ಸುಗಳು ಅಮುಕಿದರು, ಶರಣಗೌಡ ಅಮುಕಿದ. ಸಂಜೆಯ ಹೊತ್ತಿಗೆ, ಗಾಳಿ ಒಳಗೆ ಹೋಗುತ್ತಿದ್ದರೂ, ಹೃದಯ ನಿಂತಿತು. ಬೆಳಗಿನಿಂದ ದಣಿದ ಹೃದಯ ಅದು. ಮೈಸೂರಿನ ಯಂತ್ರ ಆಗ ಕುಶಾಲನಗರ ದಾಟಿತ್ತು.

ಮಕ್ಕಳು ಮೇಲಿನ ಮಹಡಿಯಲ್ಲಿದ್ದವು. ಕೆಳಗೆ ತರುವಂತಿರಲಿಲ್ಲ, ಅವಳನ್ನು ಮೇಲೆ ಒಯ್ಯುವಂತಿರಲಿಲ್ಲ. ಹೃದಯ ನಿಲ್ಲುವ ಸ್ವಲ್ಪ ಮೊದಲು ಮಾದಪ್ಪ ಫೋನಿನಲ್ಲಿ ಅವುಗಳ ಅಳುವನ್ನು ಹಿಡಿದು ತಂದು ಅವಳ ಕಿವಿಯ ಹತ್ತಿರ ಇಟ್ಟ. ಕೇಳಿದಳೋ ಇಲ್ಲವೋ ತಿಳಿಯದು.

ಮರಣ ಪತ್ರ ಕೊಡುವಾಗ ಅಲ್ಲಿಯ ಗುಮಾಸ್ತರು ತಲೆ ತಗ್ಗಿಸಿದರು. ಅದರಲ್ಲಿ ಅವಳು ಬೆಳಿಗ್ಗೆಯೇ ತೀರಿಕೊಂಡಿದ್ದಳು. ಕಿಟಕಿ ತೆಗೀರಿ, ನಂಗೆ ಕೇಳ್ಬೇಕು ಎಂದ ಹೊತ್ತಿಗೆ.

*

ಮನೆಗೆ ತಂದೆವು. ಜನ ಮತ್ತೆ ಬಂದರು, ಬಟ್ಟೆ ಬದಲಿಸುವ ಕೆಲಸ ಇರಲಿಲ್ಲ. ಎಲ್ಲವೂ ಪದ್ಧತಿಯಂತೆ ನಡೆಯಬೇಕು. ಮಾದಪ್ಪ ಕೋವಿಯನ್ನು ಎತ್ತಿಕೊಂಡು ಅಂಗಳಕ್ಕೆ ಇಳಿದ. ಅವನ ಹಿಂದೆಯೇ ಬೊಳ್ಳಮ್ಮ ಓಡಿದಳು.

"ಬೇಡ ಚಿಕ್ಕಪ್ಪ."

"ಅತ್ತಿಗೆಗೆ ಎರಡು ಗುಂಡು ಹಾರಿಸದೆ ಕಳಿಸ್ತೇನಾ ನಾನು?"

"ಅವ್ವನ ಹೆಸರಲ್ಲಿ ಮರಣ ಒಮ್ಮೆ ಬರೆದಾಗಿದೆ. ಈಗ ಇನ್ನೊಮ್ಮೆ ಹಾರಿಸಿದರೆ ಈ ಮನೆಯಲ್ಲಿ ಇನ್ನೊಬ್ಬರು ಸತ್ತರು ಅಂತ ತಿಳಿಯುತ್ತೆ. ಯಾರನ್ನು ತಗೊಳ್ಳುತ್ತೆ ಅಂತ ನನಗೆ ಗೊತ್ತಿಲ್ಲ. ಅಪ್ಪನ ಎದೆಯಲ್ಲಿ ಸರಕಾರ ಕೊಟ್ಟ ಹೃದಯದ ಯಂತ್ರ ಇದೆ. ಮಕ್ಕಳು ಇನ್ನೂ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯಲ್ಲಿದ್ದಾವೆ, ಇದೇ ಮನೆಯ ಹೆಸರಿನಲ್ಲಿ."

ಮಾದಪ್ಪ ಕೋವಿಯನ್ನು ತಿರುಗಿಸಿ ನೋಡಿದ. ಬೆಳಿಗ್ಗೆ ಅದನ್ನು ಹಿಡಿದು ಮದುಮಗನಂತೆ ನಿಂತಿದ್ದವನು ಅದನ್ನು ತುಳಸಿಯ ಬುಡದಲ್ಲಿ ಇಟ್ಟು, ಎರಡು ಕೈಗಳಿಂದಲೂ ಮುಖ ಮುಚ್ಚಿಕೊಂಡ. ನಾನು ಕಂಡಷ್ಟು ಕಾಲದಲ್ಲಿ ನಮ್ಮ ಮನೆಯಿಂದ ಗುಂಡಿನ ಸದ್ದಿಲ್ಲದೆ ಹೋದವಳು ಅವಳೊಬ್ಬಳೇ.

ವರ್ಷ ಮುಗಿದ ಮೇಲೆ ಶಾಸಕರ ಸಮಿತಿಯೊಂದು ಜನರ ಅಭಿಪ್ರಾಯ ಕೇಳಲು ಮಡಿಕೇರಿಗೆ ಬಂತು. ನಾನೂ ಹೋದೆ. ಗೋಡೆಯ ಮೇಲೆ ನಾಲ್ಕು ಮಸೂದೆಗಳ ಫಲ ಹಾಕಿದ್ದರು, ನಾಲ್ಕೂ ಹಸಿರು ಬಣ್ಣದಲ್ಲಿ. ಕೋವಿಯದರಲ್ಲಿ ಒಂದು ತಪ್ಪು ನಡೆದು ಕೂಡಲೇ ತಿದ್ದಲಾಗಿತ್ತು. ಕಾಡಿನಲ್ಲಿ ಬೇಟೆ ಇಳಿದಿತ್ತು. ಯಂತ್ರಗಳು ತಡವಿಲ್ಲದೆ ಬಿಡುಗಡೆಯಾಗಿದ್ದವು. ಬಂಧುವಿನ ಕಡತ ಮುಟ್ಟಿದ ಒಬ್ಬ ಮಹಿಳಾ ನೌಕರರನ್ನು ಯಂತ್ರ ತಕ್ಷಣ ಹಿಡಿದಿತ್ತು.

ಸಮಿತಿಯ ಹೆಣ್ಣುಮಗಳೊಬ್ಬರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು. ಕಣ್ಣೊರೆಸಿಕೊಂಡರು. "ಅಜ್ಜ, ನಿಮ್ಮ ನೋವು ನಮಗೆ ಅರ್ಥ ಆಗ್ತದೆ. ಬರ್ಕೋಬೇಕಲ್ಲ, ಅದಕ್ಕೆ ಕೇಳ್ತೀನಿ. ನಿಮ್ಮ ದೂರು ಯಾವ ಮಸೂದೆ ಮೇಲೆ?"

ನಾನು ಗೋಡೆಯನ್ನು ನೋಡಿದೆ. ಕೋವಿಯ ಮಸೂದೆ ನಮ್ಮ ಪದ್ಧತಿಯನ್ನು ಗೌರವಿಸಿತ್ತು. ಪರಿಸರದ್ದು ಸದ್ದನ್ನು ಸರಿಯಾಗಿ ಕೇಳಿತ್ತು. ಆರೋಗ್ಯದ್ದು ಮೊದಲು ಅವಳಿಗೇ ಉಸಿರು ಕೊಟ್ಟಿತ್ತು. ನೀತಿಯದಕ್ಕೆ ನಾನು ತುಪ್ಪದ ದೀಪ ಹಚ್ಚಿದ್ದೆ.

"ನಾಲ್ಕರ ಮೇಲೂ" ಎಂದೆ.

"ಹಾಗೆ ಬರೆಯೋಕೆ ಜಾಗ ಇಲ್ಲ ಅಜ್ಜ. ಒಂದನ್ನು ಹೇಳಿ."

ನನ್ನ ಹಿಂದೆ ಬೇರೆಯವರು ಕಾಯುತ್ತಿದ್ದರು. ಎದ್ದು ಬಂದೆ. ನಾಲ್ಕು ಮಸೂದೆಗಳೂ ಮುಂದಿನ ಅಧಿವೇಶನದಲ್ಲಿ ಹೆಚ್ಚು ಚರ್ಚೆಯಿಲ್ಲದೆ ಅಂಗೀಕಾರವಾದವು. ಈಗ ಅವು ಎಲ್ಲ ಜಿಲ್ಲೆಗಳಲ್ಲೂ ಇವೆ.

ಬೊಳ್ಳಮ್ಮನನ್ನು ಕೆಲಸದಿಂದ ತೆಗೆದರು. ಈಗ ಮನೆಯಲ್ಲೇ ಇದ್ದಾಳೆ. ಅವಳಿಗಳು ಅವಳ ಕೈಯಲ್ಲೇ ಬೆಳೆಯುತ್ತಿವೆ. ಚಿಕ್ಕವನಿಗೆ ಅವಳ ಮೇಲೆ ಹೆಚ್ಚು ಆಸೆ. ಅಳುವಾಗ ಅವಳ ಬಲಗೈಯ ತೋರುಬೆರಳನ್ನು ಹಿಡಿದುಕೊಳ್ಳುತ್ತಾನೆ, ಅವಳು ಆ ಬೆರಳನ್ನು ಅವನಿಗೆ ಬಿಟ್ಟು ಕಿಟಕಿಯಾಚೆ ನೋಡುತ್ತಾಳೆ. ಮುದ್ದವ್ವನ ಯಂತ್ರ ಸುಂಟಿಕೊಪ್ಪದ ಒಬ್ಬ ಟೈಲರ್ ಹೆಂಗಸಿನ ಮನೆಗೆ ಹೋಯಿತೆಂದು ಶರಣಗೌಡ ತಿಳಿದುಕೊಂಡು ಬಂದು ಹೇಳಿದ. ಅವಳು ಬದುಕಿದ್ದಾಳೆ. ಅವಳನ್ನು ನೋಡಿ ಬರಬೇಕೆಂದು ಹೊರಟು, ಬಸ್ ಸ್ಟ್ಯಾಂಡಿನಿಂದ ಎರಡು ಸಲ ಹಿಂದಿರುಗಿದ್ದೇನೆ.

ಇಂದು ಮುದ್ದವ್ವನ ತಿಥಿ. ಸಂಜೆಯಾಗಿದೆ. ತೂಗುದೀಪಕ್ಕೆ ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಮಕ್ಕಳನ್ನು ತೊಡೆಯ ಎರಡೂ ಕಡೆ ಕೂರಿಸಿಕೊಂಡಿದ್ದೇನೆ. ನನಗೆ ಬರುವುದು ಇಷ್ಟೇ ಪ್ರಾರ್ಥನೆ.

ತಾಯಿ ಕಾವೇರಮ್ಮ, ಇಗ್ಗುತಪ್ಪ ದೇವರೇ, ನಮ್ಮ ಮನೆಯ ಗುರುಕಾರೋಣರೇ, ಆ ಬೆಳಿಗ್ಗೆ ಎರಡು ಗುಂಡಿನ ಸದ್ದು ಕೇಳಿ ನೀವು ದೀಪ ಹಿಡಿದು ಬಾಗಿಲಿಗೆ ಬಂದಿರಬಹುದು. ದಾರಿಯಲ್ಲಿ ಯಾರನ್ನೂ ಕಾಣದೆ ಒಳಗೆ ಹೋಗಿರಬಹುದು. ಆ ಸದ್ದು ಈ ಮಕ್ಕಳದು. ಅವಳು ಬಂದದ್ದು ಸಂಜೆಗೆ, ಸದ್ದಿಲ್ಲದೆ. ಹೇಳದೆ ಬಂದವಳೆಂದು ಅವಳನ್ನು ಬಾಗಿಲಲ್ಲಿ ನಿಲ್ಲಿಸಬೇಡಿ. ಅವಳ ಗುಂಡನ್ನು ನಾವು ಹಾರಿಸಲಿಲ್ಲ. ನನ್ನ ಈ ಗಂಟಲಿನ ದನಿಯನ್ನೇ ಅದೆಂದು ತಿಳಿಯಿರಿ. ಸುಂಟಿಕೊಪ್ಪದಲ್ಲಿ ಉಸಿರಾಡುತ್ತಿರುವ ಆ ಹೆಂಗಸನ್ನು ಕಾಪಾಡಿ. ನನ್ನ ಮಗಳ ಬೆರಳಿಗೆ ಕ್ಷಮೆ ಕೊಡಿ. ಮುದ್ದವ್ವನನ್ನು ಒಳಗೆ ಕರೆದುಕೊಳ್ಳಿ, ಕಿಟಕಿಯ ಪಕ್ಕದಲ್ಲಿ ಜಾಗ ಕೊಡಿ, ಯಾರ ಅಪ್ಪಣೆಯೂ ಬೇಡದ ಗಾಳಿಯನ್ನು ಅವಳ ಎದೆಯ ತುಂಬ ಕೊಡಿ. ಅವಳಿಗೆ ಶಾಂತಿಯಾಗಲಿ.